ಗಣಕಯಂತ್ರದ ಮೈಕಿನಲ್ಲಿ ಗೊರಗೊರ ಸದ್ದು: ದೋಷ ಮೈಕಿನದೇ?



ಮೈಸೂರು ಜಿಲ್ಲೆ, ನಂಜನಗೂಡು ತಾಲೂಕಿನ ಕವಲಂದೆಯಲ್ಲಿ ನೆಲೆಸಿರುವ ಕರಾವಳಿ ಮೂಲದ ಓದುಗರೊಬ್ಬರು ಒಂದು ತೊಂದರೆಯನ್ನು ನಮ್ಮ ಗಮನಕ್ಕೆ ತಂದಿದ್ದಾರೆ. ಪ್ರತಿದಿನ ಸಂಜೆ ಊರಿನಲ್ಲಿರುವ ವಯಸ್ಸಾದ ತಾಯಿಯೊಂದಿಗೆ ಅಂತರ್ಜಾಲದ ಮೂಲಕ ಜಪಸರ ಪ್ರಾರ್ಥನೆ ಮಾಡುವುದು ಅವರ ಮನೆಯ ಪದ್ಧತಿ. 2020ರ ಲಾಕ್‌ಡೌನ್ ದಿನಗಳಲ್ಲಿ ಆರಂಭವಾದ ಈ ಪದ್ಧತಿ ಇಂದಿಗೂ ನಿಂತಿಲ್ಲ. ಆದರೆ ಮೇಜಿನ ಮೇಲಿನ ಕಂಪ್ಯೂಟರಿನಿಂದ ಮಾತನಾಡಿದರೆ ತಾಯಿಗೆ ಮಗನ ದನಿಗಿಂತ ಗುಂಯ್‌ಗುಡುವ ಸದ್ದೇ ಹೆಚ್ಚಾಗಿ ಕೇಳಿಸುತ್ತದೆ. ಮೈಕನ್ನು ಎರಡು ಸಲ ಬದಲಾಯಿಸಿದ್ದಾಯಿತು, ಫಲವಿಲ್ಲ. ಒಂದು ವಿಚಿತ್ರವನ್ನೂ ಅವರು ಬರೆದಿದ್ದಾರೆ: ಕಂಪ್ಯೂಟರಿನ ಲೋಹದ ಡಬ್ಬದ ಮೇಲೆ ಕೈಯಿಟ್ಟರೆ ಸದ್ದು ಇಳಿಯುತ್ತದೆ, ಕೈ ತೆಗೆದರೆ ಮತ್ತೆ ಏರುತ್ತದೆ.

ಈ ಕೊನೆಯ ಸಾಲನ್ನು ಓದಿದ ಮೇಲೆಯೇ ಈ ಲೇಖನವನ್ನು ತಡಮಾಡದೆ ಪ್ರಕಟಿಸಬೇಕೆಂದು ನಮಗನಿಸಿತು. ಕಾರಣವನ್ನು ಮುಂದೆ ವಿವರಿಸುತ್ತೇವೆ.

ಧರ್ಮಕೇಂದ್ರಗಳಲ್ಲಿ ಬಲಿಪೂಜೆಯ ನೇರಪ್ರಸಾರ ನೋಡಿಕೊಳ್ಳುವ ಯುವಕ ಯುವತಿಯರೂ ಗಾಯನ ವೃಂದದವರೂ ಇಂಥದ್ದೇ ಪ್ರಶ್ನೆಗಳನ್ನು ಕೇಳುವುದುಂಟು. ಚಿತ್ರ ಸ್ವಲ್ಪ ಮಸುಕಾದರೆ ಜನ ಸಹಿಸುತ್ತಾರೆ. ವಾಚನ, ಪ್ರಬೋಧನೆಗಳ ಮಾತು ತಿಳಿಯದಿದ್ದರೆ ಎರಡೇ ನಿಮಿಷದಲ್ಲಿ ಪ್ರಸಾರ ಮುಚ್ಚುತ್ತಾರೆ. ಹಾಸಿಗೆ ಹಿಡಿದ ಹಿರಿಯರ ಪಾಡು ಇನ್ನೂ ಕಷ್ಟ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಎತ್ತರದ ಸ್ವರಗಳನ್ನು. ಸ, ಶ, ತ, ಕ ಮುಂತಾದ ವ್ಯಂಜನಗಳ ಗುರುತು ಇರುವುದು ಅಲ್ಲಿಯೇ. ಅದರ ಮೇಲೆ ಸುಯ್ ಎಂಬ ಸದ್ದೂ ಸೇರಿದರೆ ಮಾತು ಬರೀ ಗೊಣಗಾಟವಾಗಿ ಕೇಳಿಸುತ್ತದೆ. ನಮಗೆ 'ಅಷ್ಟೇನಿಲ್ಲ' ಎನಿಸುವ ಸದ್ದು ಅವರಿಗೆ ಪ್ರಾರ್ಥನೆಯನ್ನೇ ಮುಚ್ಚಿಹಾಕಬಹುದು.

ಮೊದಲು ಕಿವಿಗೊಟ್ಟು ಕೇಳಿ

ಎಲ್ಲ ಸದ್ದೂ ಒಂದೇ ಅಲ್ಲ. ಯಾರೂ ಮಾತನಾಡದೆ ಮೂವತ್ತು ಸೆಕೆಂಡು ಧ್ವನಿಮುದ್ರಣ ಮಾಡಿ. ಅದನ್ನು ಹೆಡ್‌ಫೋನಿನಲ್ಲಿ ಕೇಳಿ. ಸ್ಪೀಕರಿನಲ್ಲಿ ಕೇಳಿದರೆ ಸ್ಪೀಕರಿನ ಗುಂಯ್‌ಕಾರವೂ ಬೆರೆತು ದಾರಿ ತಪ್ಪಿಸುತ್ತದೆ.

ದಪ್ಪ ದನಿಯಲ್ಲಿ ಒಂದೇ ಸಮನೆ ಗುಂಯ್ ಎನ್ನುತ್ತಿದ್ದರೆ ಅದು ವಿದ್ಯುತ್ತಿನದು. ನಮ್ಮ ದೇಶದ ವಿದ್ಯುತ್ ಸೆಕೆಂಡಿಗೆ 50 ಆವರ್ತನದ್ದು; ಅದರ 50, 100 ಹರ್ಟ್ಸ್ ಸ್ವರಗಳೇ ಮೈಕಿನ ದಾರಿಗೆ ನುಗ್ಗಿರುತ್ತವೆ. ಮಳೆ ಸುರಿದಂತೆ ಸುಯ್ ಎನ್ನುತ್ತಿದ್ದರೆ ಬಹುಮಟ್ಟಿಗೆ ಅದು ಅತಿಯಾಗಿ ಏರಿಸಿದ ಧ್ವನಿಮಟ್ಟದ ಫಲ. ತಂತಿ ಅಲುಗಿದಾಗ ಚರಚರ, ಕರಕರ ಎಂದರೆ ಪಿನ್ನು, ಜ್ಯಾಕು ಅಥವಾ ಒಳಗೆ ಮುರಿದ ತಂತಿ. ಮೌಸ್ ಸರಿಸಿದಾಗ ಇಲ್ಲವೇ ಪುಟ ಉರುಳಿಸಿದಾಗ ಕೀಚಲು ಸದ್ದು ಬದಲಾಗುತ್ತಿದ್ದರೆ ಅದು ಕಂಪ್ಯೂಟರಿನ ಹೊಟ್ಟೆಯೊಳಗಿನದೇ. ಇನ್ನು ಟಿಟ್ ಟಿಟ್ ಟಿಟ್ ಎಂದು ಲಯಬದ್ಧವಾಗಿ ಬಂದು ಹೋಗುವ ಸದ್ದು ಪಕ್ಕದಲ್ಲಿಟ್ಟ ಮೊಬೈಲಿನದು. ಫೋನನ್ನು ಒಂದೆರಡು ಮೀಟರ್ ದೂರ ಇಟ್ಟರೆ ಮುಗಿಯಿತು. ಪೀಠದ ಮೈಕಿನ ಬುಡದಲ್ಲಿ ಮೊಬೈಲ್ ಇಡುವ ಅಭ್ಯಾಸ ನಮ್ಮಲ್ಲಿ ಯಾಕೆ ಬಂತೋ ತಿಳಿಯದು.

ಒಂದೊಂದಾಗಿ ಕಳಚುವುದು

ಅಂಗಡಿಗೆ ಹೋಗಿ ಹೊಸ ಮೈಕ್ ತರುವ ಮೊದಲು ಕಾಸು ಖರ್ಚಿಲ್ಲದ ಕೆಲವು ಪರೀಕ್ಷೆಗಳಿವೆ. ಮೈಕನ್ನು ಕಿತ್ತು ಮತ್ತೆ ಮುದ್ರಿಸಿ. ಮೈಕೇ ಇಲ್ಲದಿದ್ದರೂ ಸದ್ದು ಹಾಗೆಯೇ ಇದ್ದರೆ ಮೈಕ್ ನಿರಪರಾಧಿ. ಮುಂದೆ, ಅದೇ ಮೈಕನ್ನು ಇನ್ನೊಂದು ಕಂಪ್ಯೂಟರಿಗೆ, ಆದರೆ ಚಾರ್ಜರ್ ಕಳಚಿ ಬ್ಯಾಟರಿಯಲ್ಲೇ ಓಡುವ ಲ್ಯಾಪ್‌ಟಾಪಿಗೆ, ಹಾಕಿ ನೋಡಿ. ಅಲ್ಲಿ ದನಿ ಸ್ವಚ್ಛವಾಗಿದ್ದು ಚಾರ್ಜರ್ ಸಿಕ್ಕಿಸಿದೊಡನೆ ಗುಂಯ್ ಎಂದರೆ ನಿಮ್ಮ ಹುಡುಕಾಟ ಗೋಡೆಯ ಪ್ಲಗ್ಗಿನ ಕಡೆ ತಿರುಗಬೇಕು.

ಡಬ್ಬದ ಮುಂಭಾಗದ ಜ್ಯಾಕ್ ಬಳಸುತ್ತಿದ್ದರೆ ಹಿಂಭಾಗದ ಗುಲಾಬಿ ಬಣ್ಣದ ಜ್ಯಾಕಿಗೆ ಬದಲಾಯಿಸಿ. ಮುಂದಿನ ಜ್ಯಾಕಿನಿಂದ ಮದರ್‌ಬೋರ್ಡಿಗೆ ಹೋಗುವ ಸಣ್ಣ ತಂತಿ ಪವರ್ ಸಪ್ಲೈ, ಗ್ರಾಫಿಕ್ಸ್ ಕಾರ್ಡುಗಳ ಪಕ್ಕದಲ್ಲೇ ಹಾದು ದಾರಿಯುದ್ದಕ್ಕೂ ಕಸ ಹೊತ್ತು ತರುತ್ತದೆ. ಹಲವು ಮನೆಗಳ ತೊಂದರೆ ಇಷ್ಟಕ್ಕೇ ಮುಗಿಯುತ್ತದೆ.

ಮೊಬೈಲಿನ ಹೆಡ್‌ಸೆಟ್ಟನ್ನು ಹಾಗೆಯೇ ಕಂಪ್ಯೂಟರಿಗೆ ಸಿಕ್ಕಿಸುವವರು ಒಂದು ವಿಷಯ ಗಮನಿಸಬೇಕು. ಅದರ ಪಿನ್ನಿನಲ್ಲಿ ನಾಲ್ಕು ಭಾಗಗಳಿರುತ್ತವೆ, ಕಂಪ್ಯೂಟರಿನ ಹಳೆಯ ಮಾದರಿಯ ಮೈಕ್ ಜ್ಯಾಕಿನಲ್ಲಿ ಮೂರೇ. ಮೈಕಿನ ಸಂಪರ್ಕ ಸಿಗಬೇಕಾದಲ್ಲಿ ಸಿಗದೆ ಬರೀ ಸದ್ದು ಬರುತ್ತದೆ. ನಾಲ್ಕು ಭಾಗದ ಪಿನ್ನನ್ನು ಮೈಕಿಗೊಂದು, ಸ್ಪೀಕರಿಗೊಂದು ಎಂದು ಕವಲೊಡೆಸುವ ಚಿಕ್ಕ ತಂತಿ ಕಡಿಮೆ ಬೆಲೆಗೆ ಸಿಗುತ್ತದೆ.

ಬೂಸ್ಟ್ ಎಂಬ ಆಮಿಷ

ಈಗ ತಂತ್ರಾಂಶದ ಕಡೆ. ವಿಂಡೋಸಿನಲ್ಲಿ ಕಂಟ್ರೋಲ್ ಪ್ಯಾನೆಲ್, ಸೌಂಡ್, ರೆಕಾರ್ಡಿಂಗ್ ಎಂದು ಹೋಗಿ ನಿಮ್ಮ ಮೈಕಿನ ಮೇಲೆ ಎರಡು ಸಲ ಕ್ಲಿಕ್ಕಿಸಿ. 'ಲೆವೆಲ್ಸ್' ಎಂಬಲ್ಲಿ ಎರಡು ಪಟ್ಟಿಗಳು ಕಾಣಬಹುದು. ಒಂದು ಸಾಮಾನ್ಯ ಧ್ವನಿಮಟ್ಟ, ಇನ್ನೊಂದು 'ಮೈಕ್ರೊಫೋನ್ ಬೂಸ್ಟ್'. ಈ ಬೂಸ್ಟ್ ಸಾಮಾನ್ಯವಾಗಿ 10, 20, 30 ಡೆಸಿಬೆಲ್ ಎಂಬ ಮೆಟ್ಟಿಲುಗಳಲ್ಲಿರುತ್ತದೆ. 20 ಎಂದರೆ ಸಂಕೇತವನ್ನು ಹತ್ತು ಪಟ್ಟು, 30 ಎಂದರೆ ಸುಮಾರು ಮೂವತ್ತೆರಡು ಪಟ್ಟು ಹಿಗ್ಗಿಸಿದಂತೆ. ದನಿ ಹಿಗ್ಗುವಾಗ ಅದರೊಡನೆ ಬಂದ ಕಸವೂ ಅಷ್ಟೇ ಹಿಗ್ಗುತ್ತದೆ.

ಬೂಸ್ಟನ್ನು ಸೊನ್ನೆಗೆ ಇಳಿಸಿ, ಧ್ವನಿಮಟ್ಟವನ್ನು 80ರ ಆಸುಪಾಸಿಗೆ ತನ್ನಿ. ದನಿ ಸಾಲದಿದ್ದರೆ ಬೂಸ್ಟ್ ಏರಿಸುವ ಬದಲು ಮೈಕನ್ನು ಬಾಯಿಗೆ ಹತ್ತಿರ ತನ್ನಿ. ಬಾಯಿಂದ ಮೈಕಿನ ದೂರ ಅರ್ಧಕ್ಕೆ ಇಳಿದರೆ ನೇರ ದನಿ 6 ಡೆಸಿಬೆಲ್ ಏರುತ್ತದೆ. ತಂತಿಯ ಗುಂಯ್‌ಕಾರ ಇದ್ದಲ್ಲೇ ಇರುತ್ತದೆ. ನಾಲ್ಕು ಬೆರಳಿನಿಂದ ಒಂದು ಗೇಣಿನವರೆಗೆ ಅಂತರವಿಟ್ಟು, ಉಸಿರು ನೇರ ಬಡಿಯದಂತೆ ತುಸು ಓರೆಯಾಗಿ ಹಿಡಿದರೆ ಒಳ್ಳೆಯದು. ನಮ್ಮ ಅಭಿಪ್ರಾಯದಲ್ಲಿ ಸುಯ್ ಎಂಬ ದೂರುಗಳಲ್ಲಿ ಹೆಚ್ಚಿನವು ಮೈಕನ್ನು ಮಾನಿಟರಿನ ತಲೆಯ ಮೇಲಿಟ್ಟು ಬೂಸ್ಟನ್ನು ತುದಿಗೇರಿಸಿದವರದು.

ಅದೇ ಕಿಟಕಿಯ 'ಅಡ್ವಾನ್ಸ್ಡ್' ಭಾಗದಲ್ಲಿ ಮಾದರಿ ದರ ಇರುತ್ತದೆ, 44100 ಅಥವಾ 48000 ಹರ್ಟ್ಸ್. ಇಲ್ಲಿ ಒಂದು, ಮುದ್ರಣದ ತಂತ್ರಾಂಶದಲ್ಲಿ ಇನ್ನೊಂದು ಇದ್ದರೆ ಆಗಾಗ ಟಕ್ ಟಕ್ ಎಂಬ ಸದ್ದು ಬರಬಹುದು. ವಿಡಿಯೋ ಪ್ರಸಾರಕ್ಕೆ ಎರಡೂ ಕಡೆ 48000 ಇಡಿ. ಡ್ರೈವರನ್ನು ಮದರ್‌ಬೋರ್ಡ್ ತಯಾರಕರ ತಾಣದಿಂದಲೇ ಪಡೆಯಿರಿ; ಸಿಕ್ಕಸಿಕ್ಕ ತಾಣದಿಂದ ಇಳಿಸಿಕೊಂಡರೆ ವೈರಸ್ ಉಚಿತ. ಹಳೆಯ ಯಂತ್ರಗಳ ಬಗ್ಗೆ ಒಂದು ಮಾತು: ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ ಮುಗಿದಿದೆ. ಆದರೆ ಗುಂಯ್‌ಕಾರಕ್ಕೂ ಅದಕ್ಕೂ ಸಂಬಂಧವಿಲ್ಲ. ಸದ್ದಿನ ಕಾರಣಕ್ಕಾಗಿ ಹೊಸ ಕಂಪ್ಯೂಟರ್ ಕೊಳ್ಳಿ ಎಂದು ಯಾರಾದರೂ ಹೇಳಿದರೆ ಮುಂದಿನ ಭಾಗವನ್ನು ಓದಿದ ಮೇಲೆ ನಿರ್ಧರಿಸಿ.

ಕೈಯಿಟ್ಟರೆ ಸದ್ದು ಇಳಿಯುವುದೇಕೆ?

ಈಗ ಕವಲಂದೆಯ ಓದುಗರ ಪ್ರಶ್ನೆಗೆ ಬರೋಣ. ಕಂಪ್ಯೂಟರಿನ ಪವರ್ ಸಪ್ಲೈಯೊಳಗೆ, ವಿದ್ಯುತ್ತಿನ ಎರಡು ತಂತಿಗಳಿಂದ ಲೋಹದ ಡಬ್ಬಕ್ಕೆ ಎರಡು ಪುಟ್ಟ ಕೆಪಾಸಿಟರುಗಳನ್ನು ಜೋಡಿಸಿರುತ್ತಾರೆ. ಒಳಗಿನ ವಿದ್ಯುತ್ ಗದ್ದಲವನ್ನು ಅರ್ಥಿಂಗಿಗೆ, ಅಂದರೆ ಭೂಮಿಗೆ, ಹರಿಸುವುದು ಅವುಗಳ ಕೆಲಸ. ಪ್ಲಗ್ಗಿನ ಮೂರನೆಯ ದಪ್ಪ ಉದ್ದ ಪಿನ್ನು ಇರುವುದು ಇದಕ್ಕೇ. ಆ ಪಿನ್ನಿಗೆ ಭೂಮಿಯ ಸಂಪರ್ಕ ಇಲ್ಲದಿದ್ದರೆ ಹರಿದು ಹೋಗಬೇಕಾದದ್ದು ಡಬ್ಬದಲ್ಲೇ ನಿಲ್ಲುತ್ತದೆ. ಆಗ ಡಬ್ಬದ ಮೈಯಲ್ಲಿ 230 ವೋಲ್ಟಿನ ಅರ್ಧದಷ್ಟು, ಸುಮಾರು 115 ವೋಲ್ಟ್, ತೇಲುತ್ತಿರುತ್ತದೆ. ಪ್ರವಾಹ ಬಹಳ ಅಲ್ಪವಾದ್ದರಿಂದ ಮುಟ್ಟಿದರೆ ಜುಮ್ಮೆನ್ನುತ್ತದೆ, ಅಷ್ಟೆ. ಮೈಕಿನ ತಂತಿಯ ಹೊರಪದರವೂ ಅದೇ ಡಬ್ಬಕ್ಕೆ ಸೇರಿರುವುದರಿಂದ ಆ ವೋಲ್ಟೇಜು ಗುಂಯ್ ಎಂದು ಮೈಕಿನ ದಾರಿಯಲ್ಲಿ ಕೇಳಿಸುತ್ತದೆ. ನೀವು ಕೈಯಿಟ್ಟಾಗ ನಿಮ್ಮ ದೇಹ ಮತ್ತು ಡಬ್ಬ ಒಂದೇ ಮಟ್ಟಕ್ಕೆ ಬರುತ್ತವೆ, ಸದ್ದು ಇಳಿಯುತ್ತದೆ. ಭೂಮಿಯ ತಂತಿ ಮಾಡಬೇಕಾದ ಕೆಲಸವನ್ನು ನಿಮ್ಮ ಮೈ ಸ್ವಲ್ಪಮಟ್ಟಿಗೆ ಮಾಡುತ್ತಿದೆ ಎಂದರ್ಥ.

ಸದ್ದಿನ ಮಟ್ಟಿಗೆ ಇದು ಕಿರಿಕಿರಿ. ಜೀವದ ಮಟ್ಟಿಗೆ ಇದು ಎಚ್ಚರಿಕೆ. ಇಂದು ಜುಮ್ಮೆನ್ನುವ ಡಬ್ಬದೊಳಗೆ ನಾಳೆ ಫೇಸ್ ತಂತಿಯೇ ಸವೆದು ಲೋಹಕ್ಕೆ ತಾಗಿದರೆ ಪೂರ್ತಿ 230 ವೋಲ್ಟ್ ಹೊರಮೈಗೆ ಬರುತ್ತದೆ. ಅರ್ಥಿಂಗ್ ಇದ್ದರೆ ಫ್ಯೂಸ್ ಅಥವಾ ಎಂಸಿಬಿ ಕೂಡಲೇ ಬಿದ್ದುಹೋಗುತ್ತದೆ. ಇಲ್ಲದಿದ್ದರೆ ಮುಟ್ಟುವವರೆಗೂ ಗೊತ್ತಾಗುವುದಿಲ್ಲ. ಬರಿಗಾಲಿನಲ್ಲಿ ಸಿಮೆಂಟು ನೆಲದ ಮೇಲೆ ನಿಂತು ಲೋಹದ ಮೈಕ್ ಹಿಡಿಯುವ ಗಾಯನ ವೃಂದದ ಮಕ್ಕಳನ್ನು ನೆನೆಸಿಕೊಳ್ಳಿ.

ಒಳನಾಡಿನಲ್ಲಿ ಇದು ಹೆಚ್ಚು ಕಾಡಲು ಮಣ್ಣೂ ಒಂದು ಕಾರಣ. ಅರ್ಥಿಂಗ್ ಗುಂಡಿ ಕೆಲಸ ಮಾಡುವುದು ಸುತ್ತಲಿನ ಮಣ್ಣು ತೇವವಾಗಿದ್ದರೆ ಮಾತ್ರ. ಮಂಗಳೂರಿನಲ್ಲಿ ವರ್ಷಕ್ಕೆ 3500 ಮಿಲಿಮೀಟರ್ ಮೀರಿ ಮಳೆಯಾಗುತ್ತದೆ. ನಂಜನಗೂಡಿನ ಕಡೆ ಬೀಳುವುದು ಹೆಚ್ಚುಕಡಿಮೆ ಅದರ ಕಾಲು ಭಾಗ. ಬೇಸಿಗೆಯಲ್ಲಿ ನೆಲ ಒಣಗಿದಾಗ ಕಬ್ಬಿಣದ ಕೊಳವೆ ಇದ್ದೂ ಇಲ್ಲದಂತೆ. ಹಾಗೆಂದು ಕರಾವಳಿಯವರು ನಿಶ್ಚಿಂತರಾಗಬೇಕಿಲ್ಲ. ನಮ್ಮ ಮುರಕಲ್ಲಿನ ಗುಡ್ಡಗಳ ಮೇಲೆ ಕಟ್ಟಿದ ಮನೆಗಳಲ್ಲೂ ಚರ್ಚುಗಳಲ್ಲೂ ಮಾರ್ಚ್, ಏಪ್ರಿಲ್ ಹೊತ್ತಿಗೆ ಇದೇ ಸ್ಥಿತಿ. ಮಳೆಗಾಲದಲ್ಲಿ ಇಲ್ಲದ ಸದ್ದು ಬೇಸಿಗೆಯಲ್ಲಿ ಹುಟ್ಟಿದರೆ ಗುಂಡಿಯನ್ನು ನೋಡಿ ಎನ್ನುವುದು ಅದಕ್ಕೇ. ಇದ್ದಿಲು, ಉಪ್ಪು ತುಂಬಿದ ಗುಂಡಿಗೆ ಬೇಸಿಗೆಯಲ್ಲಿ ಆಗಾಗ ನೀರು ಹಾಕುವುದು ಹಿಂದಿನವರ ಪದ್ಧತಿ. ಅದನ್ನು ಬಿಡಬಾರದು.

ಗುಂಡಿ ಸರಿಯಾಗಿದ್ದರೂ ನಡುವೆ ಸಂಪರ್ಕ ತಪ್ಪಿರಬಹುದು. ಹಳೆಯ ಮನೆಗಳಲ್ಲಿ ಎರಡೇ ತಂತಿ ಎಳೆದು ಮೂರು ತೂತಿನ ಸಾಕೆಟ್ ಕೂರಿಸಿರುತ್ತಾರೆ. ಅಗ್ಗದ ಎಕ್ಸ್‌ಟೆನ್ಷನ್ ಪೆಟ್ಟಿಗೆಯಲ್ಲಿ ಮೂರನೆಯ ತೂತು ಬರೀ ಅಲಂಕಾರ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿಗೆ ಇಳಿಸುವ ಕನ್ವರ್ಟರನ್ನಂತೂ ಕಂಪ್ಯೂಟರಿಗೆ ಬಳಸಲೇಬಾರದು.

ಪರೀಕ್ಷೆಯನ್ನು ಪರಿಣತ ಎಲೆಕ್ಟ್ರಿಷಿಯನ್‌ರಿಂದಲೇ ಮಾಡಿಸಿ. ಸಾಕೆಟ್ಟಿನಲ್ಲಿ ಫೇಸ್ ಮತ್ತು ಅರ್ಥ್ ನಡುವೆ ಸುಮಾರು 230 ವೋಲ್ಟ್, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದೆರಡು ವೋಲ್ಟ್ ಮಾತ್ರ ಇರಬೇಕು. ಟೆಸ್ಟರನ್ನು ಡಬ್ಬಕ್ಕೆ ತಾಗಿಸಿದಾಗ ದೀಪ ಉರಿದರೆ ಏನೋ ಸರಿಯಿಲ್ಲ ಎಂದು ಖಂಡಿತ. ಉರಿಯದಿದ್ದರೆ ಎಲ್ಲ ಸರಿಯಿದೆ ಎಂದು ಹೇಳಲಾಗದು. ನಮ್ಮ ದೇಶದಲ್ಲಿ ಅರ್ಥಿಂಗಿಗೆ ಐಎಸ್ 3043 ಎಂಬ ಮಾನಕವಿದೆ, ಅದರಂತೆ ಮಾಡಿಕೊಡಲು ಕೇಳಿ. ಕೆಲವರು ಸುಲಭದ ದಾರಿಯೆಂದು ಸಾಕೆಟ್ಟಿನ ಒಳಗೇ ನ್ಯೂಟ್ರಲ್ ತಂತಿಯನ್ನು ಅರ್ಥ್ ಪಿನ್ನಿಗೆ ಸೇರಿಸಿಬಿಡುತ್ತಾರೆ. ಸದ್ದು ನಿಲ್ಲುತ್ತದೆ, ನಿಜ. ಆದರೆ ಮುಂದೊಂದು ದಿನ ನ್ಯೂಟ್ರಲ್ ತುಂಡಾದರೆ ಮನೆಯ ಉಪಕರಣಗಳ ಲೋಹದ ಮೈಯೆಲ್ಲ ಫೇಸ್ ಆಗುತ್ತದೆ. ಈ ಕೆಲಸವನ್ನು ಯಾರಿಗೂ ಮಾಡಲು ಬಿಡಬೇಡಿ. ಜೊತೆಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಒಂದನ್ನು ಕೂರಿಸಿದರೆ ಮನೆಮಂದಿಗೆಲ್ಲ ರಕ್ಷಣೆ.

ಮನೆಯ ಮೀಟರಿನವರೆಗಿನ ಲೈನು ವಿದ್ಯುತ್ ಕಂಪನಿಯದು, ಮೀಟರಿನಿಂದಾಚೆಯ ವೈರಿಂಗ್ ಮನೆಯವರದು. ದೀಪಗಳೇ ಮಿಣುಕುವಷ್ಟು ವೋಲ್ಟೇಜ್ ಏರಿಳಿತವಿದ್ದರೆ ಕವಲಂದೆಯವರು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮಕ್ಕೆ, ದಕ್ಷಿಣ ಕನ್ನಡ, ಉಡುಪಿಯವರು ಮೆಸ್ಕಾಂಗೆ ತಿಳಿಸಬೇಕು.

ಕರೆಂಟ್ ಹೋದಾಗ ಇನ್ವರ್ಟರ್ ಓಡಿದೊಡನೆ ಕಟುವಾದ ಬಜ್ ಸದ್ದು ಹುಟ್ಟಿದರೆ ಅದು ಅಗ್ಗದ ಚೌಕ ಅಲೆಯ ಇನ್ವರ್ಟರ್ ಇರಬಹುದು. ಸೈನ್ ಅಲೆಯ ಇನ್ವರ್ಟರಿನಲ್ಲಿ ಈ ಬಾಧೆ ಕಡಿಮೆ. ಫ್ಯಾನಿನ ರೆಗ್ಯುಲೇಟರ್, ಟ್ಯೂಬ್‌ಲೈಟಿನ ಚೋಕ್, ಕಡಿಮೆ ಬೆಲೆಯ ಎಲ್‌ಇಡಿ ಬಲ್ಬು ಇವೂ ಶಂಕಿತರೇ. ಒಂದೊಂದಾಗಿ ಆರಿಸಿ ಕೇಳಿ.

ಚರ್ಚಿನ ಮಿಕ್ಸರ್, ನೇರಪ್ರಸಾರದ ಕಂಪ್ಯೂಟರ್

ಧರ್ಮಕೇಂದ್ರಗಳಲ್ಲಿ ಕಥೆ ತಿರುಗುಮುರುಗು. ಇಲ್ಲಿ ಅರ್ಥಿಂಗ್ ಇಲ್ಲದ್ದಲ್ಲ, ಎರಡು ಕಡೆ ಇರುವುದೇ ತೊಡಕು. ಧ್ವನಿವರ್ಧಕದ ಮಿಕ್ಸರ್ ಪೀಠದ ಪಕ್ಕದ ಪ್ಲಗ್ಗಿನಲ್ಲಿ, ಪ್ರಸಾರದ ಕಂಪ್ಯೂಟರ್ ಹಿಂದಿನ ಅಟ್ಟದ ಪ್ಲಗ್ಗಿನಲ್ಲಿ. ಎರಡೂ ಕಡೆಯ ಭೂಮಿಯ ಮಟ್ಟ ಒಂದೇ ಇರುವುದಿಲ್ಲ. ಎರಡನ್ನೂ ಜೋಡಿಸುವ ಆಡಿಯೋ ತಂತಿಯ ಹೊರಪದರದಲ್ಲಿ ಆ ವ್ಯತ್ಯಾಸದ ಪ್ರವಾಹ ಹರಿದು ಗುಂಯ್ ಎನ್ನುತ್ತದೆ. ಇಂಥಲ್ಲಿ ಕೆಲವು ಧ್ವನಿ ತಂತ್ರಜ್ಞರು ಕಂಪ್ಯೂಟರಿನ ಅರ್ಥ್ ಪಿನ್ನನ್ನೇ ಕಿತ್ತುಹಾಕಿ ಸದ್ದು ನಿಲ್ಲಿಸುತ್ತಾರೆ. ಮೇಲೆ ಹೇಳಿದ ಅಪಾಯವನ್ನು ಕೈಯಾರೆ ತಂದುಕೊಂಡಂತೆ ಇದು. ಎರಡೂ ಉಪಕರಣಗಳಿಗೆ ಒಂದೇ ಪ್ಲಗ್ ಪಾಯಿಂಟಿನಿಂದ ವಿದ್ಯುತ್ ಕೊಡಿ. ಆಗದಿದ್ದರೆ ಆಡಿಯೋ ತಂತಿಯ ನಡುವೆ ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿ. ದನಿ ಆಯಸ್ಕಾಂತದ ಮೂಲಕ ದಾಟುತ್ತದೆ, ಭೂಮಿಯ ಪ್ರವಾಹ ದಾಟುವುದಿಲ್ಲ.

ಇನ್ನೊಂದು ಸಾಮಾನ್ಯ ತಪ್ಪೆಂದರೆ ಮಿಕ್ಸರಿನ ಔಟನ್ನು ಕಂಪ್ಯೂಟರಿನ ಗುಲಾಬಿ ಜ್ಯಾಕಿಗೆ ಕೊಡುವುದು. ಮಿಕ್ಸರಿನಿಂದ ಬರುವ ಸಂಕೇತ ಮೈಕಿನದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಹಾಡು ಏರಿದೊಡನೆ ಗರಗರ ಎಂದು ಒಡೆಯುತ್ತದೆ. ಅದಕ್ಕೆ ನೀಲಿ ಬಣ್ಣದ ಲೈನ್ ಇನ್ ಜ್ಯಾಕ್ ಇದೆ. ಒಂದೇ ಜ್ಯಾಕ್ ಇರುವ ಲ್ಯಾಪ್‌ಟಾಪಿಗೆ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ ಬೇಕು. ಪೀಠದಲ್ಲಿ ಬಳಸುವ ಡೈನಾಮಿಕ್ ಮೈಕನ್ನು ನೇರ ಕಂಪ್ಯೂಟರಿಗೆ ಸಿಕ್ಕಿಸಿದರೆ ಫಲ ಇದರ ವಿರುದ್ಧ: ದನಿ ಬಹಳ ಕ್ಷೀಣ, ಬೂಸ್ಟ್ ಏರಿಸಿದರೆ ಸುಯ್. ಅದಕ್ಕೂ ಇಂಟರ್‌ಫೇಸೇ ಪರಿಹಾರ. 48 ವೋಲ್ಟ್ ಫ್ಯಾಂಟಮ್ ವಿದ್ಯುತ್ ಬೇಡುವ ಕಂಡೆನ್ಸರ್ ಮೈಕುಗಳಂತೂ ಇಂಟರ್‌ಫೇಸ್ ಅಥವಾ ಮಿಕ್ಸರ್ ಇಲ್ಲದೆ ಉಸಿರಾಡುವುದೇ ಇಲ್ಲ.

ಒಂದು ಚಿಕ್ಕ ಮಾತು ಇಲ್ಲಿ ಅಪ್ರಸ್ತುತವಾಗದು. ಮಾರ್ಕೋನಿಯವರು ಕಟ್ಟಿಕೊಟ್ಟ ವ್ಯಾಟಿಕನ್ ರೇಡಿಯೋವನ್ನು 11ನೇ ಪಿಯುಸ್ ಜಗದ್ಗುರುಗಳು ಉದ್ಘಾಟಿಸಿದ್ದು 1931ರಲ್ಲಿ. ನಾಲ್ಕು ವರ್ಷಗಳ ಬಳಿಕ, 1935ರಲ್ಲಿ, ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ 30 ವ್ಯಾಟಿನ ಪುಟ್ಟ ಪ್ರಸಾರ ಯಂತ್ರದಲ್ಲಿ 'ಆಕಾಶವಾಣಿ' ಆರಂಭಿಸಿದರು. ಕವಲಂದೆಯವರಿಗೆ ಅದು ನೆರೆಯ ಪಟ್ಟಣದ ಕಥೆ.

ಕರಾವಳಿಯ ಉಪ್ಪುಗಾಳಿ

ಒಳನಾಡಿನವರ ಶತ್ರು ಒಣ ಮಣ್ಣಾದರೆ ನಮ್ಮದು ಉಪ್ಪು ಬೆರೆತ ತೇವದ ಗಾಳಿ. ಪಿನ್ನಿನ ಮೇಲೆ ಹಸಿರು ಅಥವಾ ಕಪ್ಪು ಪದರ ಕಟ್ಟಿ ಸಂಪರ್ಕ ಸಡಿಲವಾಗುತ್ತದೆ. ಪಿನ್ ತಿರುಗಿಸಿದಾಗ ಕರಕರ ಎನ್ನುವುದೇ ಇದರ ಗುರುತು. ಕಂಪ್ಯೂಟರ್ ಆರಿಸಿ, ಪ್ಲಗ್ ಕಿತ್ತು, ಐಸೋಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಬಟ್ಟೆಯಿಂದ ಪಿನ್ ಒರೆಸಿ. ಜ್ಯಾಕಿನೊಳಗೆ ಕಾಂಟ್ಯಾಕ್ಟ್ ಕ್ಲೀನರ್ ಸ್ವಲ್ಪ ಸಿಂಪಡಿಸಿ, ಪಿನ್ನನ್ನು ಹತ್ತಾರು ಸಲ ಒಳಗೆ ಹೊರಗೆ ಆಡಿಸಿ, ಪೂರ್ತಿ ಒಣಗಿದ ಮೇಲಷ್ಟೇ ವಿದ್ಯುತ್ ಕೊಡಿ. ಕೊಬ್ಬರಿ ಎಣ್ಣೆ ಹಚ್ಚುವವರಿದ್ದಾರೆ. ಅದು ಧೂಳನ್ನು ಕರೆದು ಕೂರಿಸಿಕೊಳ್ಳುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಮೌಸ್ ಸರಿಸಿದಾಗಿನ ಕೀಚಲು ಹೋಗದಿದ್ದರೆ ಮದರ್‌ಬೋರ್ಡಿನ ಧ್ವನಿ ವಿಭಾಗವನ್ನೇ ಬಿಟ್ಟುಬಿಡಿ. ಬೆರಳುಗಾತ್ರದ ಯುಎಸ್‌ಬಿ ಸೌಂಡ್ ಕಾರ್ಡ್ ಅಥವಾ ಯುಎಸ್‌ಬಿ ಮೈಕ್ ಧ್ವನಿಯನ್ನು ಡಬ್ಬದ ಹೊರಗೇ ಅಂಕಿಗಳಾಗಿ ಬದಲಿಸಿ ಕಳಿಸುತ್ತದೆ. ಅದನ್ನು ಹಬ್ಬಿಗೆ ಹಾಕದೆ ಹಿಂಭಾಗದ ಯುಎಸ್‌ಬಿ ತೂತಿಗೇ ಹಾಕಬೇಕು. ಆದರೆ ಅರ್ಥಿಂಗ್ ಇಲ್ಲದ ಮನೆಯಲ್ಲಿ ಇದನ್ನು ಕೊಂಡು ಸದ್ದು ಅಡಗಿಸಿ ಸುಮ್ಮನಾಗಬೇಡಿ. ಡಬ್ಬದ ಮೇಲಿನ ವೋಲ್ಟೇಜು ಹಾಗೆಯೇ ಉಳಿದಿರುತ್ತದೆ.

ಈಗಾಗಲೇ ಮುದ್ರಿಸಿದ್ದನ್ನು ಉಳಿಸಿಕೊಳ್ಳಲು

ಮತ್ತೆ ಮುದ್ರಿಸಲಾಗದ ಧ್ವನಿಗಳಿರುತ್ತವೆ: ಅಜ್ಜಿಯ ಪ್ರಾರ್ಥನೆ, ಅಗಲಿದ ಧರ್ಮಗುರುಗಳ ಪ್ರಬೋಧನೆ. 2000ದಿಂದ ಉಚಿತವಾಗಿ ದೊರೆಯುತ್ತಿರುವ ಅಡಾಸಿಟಿ ತಂತ್ರಾಂಶದಲ್ಲಿ 'ನಾಯ್ಸ್ ರಿಡಕ್ಷನ್' ಎಂಬ ಸೌಲಭ್ಯವಿದೆ. ಬರೀ ಸದ್ದಿರುವ ಎರಡು ಮೂರು ಸೆಕೆಂಡಿನ ಭಾಗವನ್ನು ಆಯ್ದು 'ನಾಯ್ಸ್ ಪ್ರೊಫೈಲ್' ಪಡೆಯಿರಿ, ಬಳಿಕ ಪೂರ್ತಿ ಮುದ್ರಿಕೆಯನ್ನು ಆಯ್ದು 6ರಿಂದ 12 ಡೆಸಿಬೆಲ್ ಮಾತ್ರ ತಗ್ಗಿಸಿ. ಆಸೆಗೆ ಬಿದ್ದು ಹೆಚ್ಚು ತಗ್ಗಿಸಿದರೆ ದನಿ ನೀರೊಳಗಿಂದ ಬಂದಂತಾಗುತ್ತದೆ. ಮೂಲ ಕಡತದ ಪ್ರತಿಯೊಂದನ್ನು ಬೇರೆ ಕಡೆ ಉಳಿಸಿಟ್ಟೇ ಕೆಲಸ ಆರಂಭಿಸಿ. ಇದೇ ಕಾರಣಕ್ಕೆ, ಯಾವುದೇ ಮುದ್ರಣದ ಮೊದಲಲ್ಲಿ ಮೂರು ಸೆಕೆಂಡು ಮೌನವಾಗಿರುವ ಅಭ್ಯಾಸ ಮಾಡಿಕೊಂಡರೆ ಮುಂದೆ ಉಪಯೋಗಕ್ಕೆ ಬರುತ್ತದೆ.

ಕವಲಂದೆಯ ಓದುಗರಿಗೆ ನಮ್ಮ ಸಲಹೆ ಇಷ್ಟು: ಮೂರನೆಯ ಮೈಕ್ ಕೊಳ್ಳಬೇಡಿ. ಎಲೆಕ್ಟ್ರಿಷಿಯನ್‌ರನ್ನು ಕರೆಸಿ ಮೊದಲು ಎಕ್ಸ್‌ಟೆನ್ಷನ್ ಪೆಟ್ಟಿಗೆಯ ಮೂರನೆಯ ತಂತಿಯನ್ನು, ನಂತರ ಗೋಡೆಯ ಸಾಕೆಟ್ಟನ್ನು, ಕೊನೆಗೆ ಗುಂಡಿಯನ್ನು ನೋಡಿಸಿ. ಅಲ್ಲಿಯವರೆಗೆ ಸಂಜೆಯ ಜಪಸರಕ್ಕೆ ಚಾರ್ಜರಿನಿಂದ ಕಳಚಿದ ಮೊಬೈಲನ್ನೇ ಬಳಸಿ, ಕಂಪ್ಯೂಟರಿನ ಪ್ಲಗ್ಗನ್ನು ಗೋಡೆಯಿಂದ ಕಿತ್ತಿಡಿ. ಮಕ್ಕಳು ಆ ಡಬ್ಬವನ್ನು ಮುಟ್ಟದಂತೆ ನೋಡಿಕೊಳ್ಳಿ.